ಎ, ಆಮೇಲೆ ಜೆ

ನವರಂಗ್ ಸಿಗ್ನಲ್ಲಿನಲ್ಲಿ ನೂರಾ ನಲವತ್ತು ಸೆಕೆಂಡು.
ಅಷ್ಟರೊಳಗೆ ಒಂದು ಪದ ಸಿಗಬೇಕು, ಇಂಗ್ಲಿಷಿನದು.
ಮುಂದಿನ ಗಾಡಿಯ ನಂಬರ್ ಪ್ಲೇಟಿನಲ್ಲಿ
ಅಂಕಿಗಳ ನಡುವೆ ಸಿಕ್ಕಿಕೊಂಡ ಎರಡು ಅಕ್ಷರ,
ಆ ಎರಡೂ, ಅದೇ ಕ್ರಮದಲ್ಲಿ, ಪದದೊಳಗೆ ಎಲ್ಲಾದರೂ ಇರಬೇಕು.
ನಡುವೆ ಬೇರೆಯವು ನುಗ್ಗಿದರೆ ತಕರಾರಿಲ್ಲ,
ಹಿಂದುಮುಂದಾದರೆ ಫೌಲು. ಊರಿನ ಹೆಸರು, ಜನರ ಹೆಸರು
ಹೇಳಿದರೂ ಫೌಲು.

ಕಾನೂನು ಮಾಡಿದ್ದು ಹಿಂದಿನ ಸೀಟಿನವರು.
ನಾನು ಪಿಳ್ಳಣ್ಣ, ಏಳನೇ ಕ್ಲಾಸು, ಕಾರ್ಪೊರೇಷನ್ ಸ್ಕೂಲು.
ಬ್ರೇಕು, ಕ್ಲಚ್ಚು, ಗೇರು ಬಿಟ್ಟರೆ
ನನ್ನ ಇಂಗ್ಲಿಷೆಲ್ಲ ಅಂಗಡಿ ಬೋರ್ಡಿನದು.

ಒಂದು ದಿನ ಸ್ಕೂಟರಿನ ಬೆನ್ನ ಮೇಲೆ ಎಚ್ ಕ್ಯೂ ಬಂತು.
ಏಳೂ ಬಾಯಿ ಬಂದ್.
ಕ್ಯೂ ಅನ್ನೋದು ಯೂ ಜೊತೆಗಿಲ್ಲದೆ
ಹೊಸಿಲು ದಾಟದ ಹೆಂಗಸಂತೆ.
ಹೆಡ್‌ಕ್ವಾರ್ಟರ್ಸ್! ಅಂತ ತನ್ಜೀಲ್ ಕೂಗುವ ಹೊತ್ತಿಗೆ
ಸ್ಕೂಟರು ಇಸ್ಕಾನ್ ಕಡೆ ಹೋಗಿಯಾಗಿತ್ತು.
ಪದ ಮಾತ್ರ ನನ್ನ ಆಟೋದಲ್ಲೇ ಉಳಿಯಿತು.
ಬಾಡಿಗೆ ಬರೆಯುವ ಪುಸ್ತಕದಲ್ಲಿ, ಕನ್ನಡದಲ್ಲಿ, ಬರೆದಿಟ್ಟೆ.

ಆರು ತಿಂಗಳ ಮೇಲೆ ನನಗೇ ಹೊಳೆಯಿತು:
ಯಾವ ಪ್ಲೇಟಿನ ಅಕ್ಷರದಲ್ಲೂ ಐ ಇಲ್ಲ, ಓ ಇಲ್ಲ.
ಒಂದು, ಸೊನ್ನೆ ಅಂತ ಯಾರೂ ತಪ್ಪು ಓದಬಾರದಲ್ಲ.
ಐ ಅಂದರೆ ನಾನು ಅಂಕಲ್, ಅಂದಳು ಜೋವಿಟಾ.
ಇಷ್ಟು ಗಾಡಿ. ಒಂದರಲ್ಲೂ ನಾನು ಇಲ್ಲ.
ಮತ್ತೆ ಹಾರ್ನ್ ಹೊಡೀತಿರೋದು ಯಾರಮ್ಮ?

ನನ್ನ ಆಟೋದ್ದು ಎ ಜೆ.
ಹೊಸ ಮಗು ಹತ್ತಿದರೆ ಮೊದಲ ಪರೀಕ್ಷೆ ಅದೇ.
ಅಡ್ಜಸ್ಟ್ ಅಂದವನೊಬ್ಬ, ಅರ್ಧ ಕುಂಡೆ ಹೊರಗಿಟ್ಟು.
ಮೆಜೆಸ್ಟಿಕ್ ಅಂದವನಿಗೆ ಫೌಲು ಕೊಟ್ಟರು, ಬಸ್‌ಸ್ಟ್ಯಾಂಡ್ ಅಂತ;
ಅದು ಡಿಕ್ಷನರಿಯಲ್ಲೂ ಇದೆ ಅಂತ ಅವನು ಅತ್ತ.
ತುದಿಯಲ್ಲಿ ಕೂರುವವಳು ಎಳಿಲರಸಿ.
ಅವಳ ಹೆಸರಿನ ನಡುವಿನ ಸದ್ದು
ಇಂಗ್ಲಿಷಿನ ಇಪ್ಪತ್ತಾರರಲ್ಲಿಲ್ಲ. ಕನ್ನಡದಲ್ಲಿತ್ತಂತೆ ಹಿಂದೆ, ಸವೆದುಹೋಯಿತಂತೆ.
ಹಾಜರಿ ಪುಸ್ತಕದಲ್ಲಿ ಝಡ್ಡು ಎಚ್ಚು ಸೇರಿಸಿ
ಹೇಗೋ ಕೂರಿಸಿದ್ದಾರೆ,
ನಾನು ಏಳನೆಯವಳಾಗಿ ಅವಳನ್ನು ಕೂರಿಸಿದ ಹಾಗೆ.
ಅಜಾರ್, ಅಂದಳು ಅವಳು.
ಎರಡು ತಿಂಗಳಲ್ಲಿ ಮೊದಲ ಮಾತು.
ಎ ಜಾರ್, ಒಂದು ಭರಣಿ! ಎಲ್ಲರೂ ನಕ್ಕರು.
ಅಲ್ಲ, ಬಾಗಿಲು. ಮುಚ್ಚಿರಲ್ಲ, ತೆರೆದೂ ಇರಲ್ಲ.
ಓಹೋ, ಓರೆ ಮಾಡಿದ ಬಾಗಿಲು, ಅಂದೆ ನಾನು.
ಬಾಗಿಲೇ ಇಲ್ಲದ ಗಾಡಿಗೆ
ಹದಿಮೂರು ವರ್ಷದಿಂದ ಆ ಪದ ಅಂಟಿಕೊಂಡಿತ್ತು,
ನಾನು ದಿನಾ ಬಟ್ಟೆ ಒದ್ದೆ ಮಾಡಿ ಒರೆಸುತ್ತಿದ್ದೆ.

ಮರುದಿನ ಬೆಳಗಿನ ಜಾವ, ಗ್ಯಾಸ್ ಹಾಕಿಸಲು ಹೋಗುವಾಗ,
ಓಕಳಿಪುರದ ಗಲ್ಲಿಯಲ್ಲಿ ಅವಳ ಮನೆ ಕಂಡಿತು.
ಅಪ್ಪ ಮಾರ್ಕೆಟ್ಟಿನಲ್ಲಿ ರಾತ್ರಿ ಮೂಟೆ ಇಳಿಸುವವನು.
ಬಾಗಿಲಿಗೆ ಒಂದು ಚಪ್ಪಲಿ ಅಡ್ಡ ಇಟ್ಟಿದ್ದರು,
ಗಾಳಿಗೆ ಮುಚ್ಚಿಕೊಳ್ಳದಿರಲಿ ಅಂತ.
ಲೈಟಿನ ಗೆರೆಯೊಂದು ಚರಂಡಿಯ ಚಪ್ಪಡಿವರೆಗೂ ಬಂದಿತ್ತು.
ಅದನ್ನು ಪುಸ್ತಕದಲ್ಲಿ ಬರೆದಿಲ್ಲ.

ಜೂನಿನಿಂದ ಅವಳಿಗೆ ಬೇರೆ ಸ್ಕೂಲು, ಹತ್ತಿರದ್ದು,
ನಡೆದೇ ಹೋಗುತ್ತಾಳೆ. ತಿಂಗಳಿಗೆ ಒಂಬೈನೂರು ಉಳಿಯಿತು
ಅಂದರು ಅವಳಮ್ಮ, ಬೇಜಾರು ಮಾಡ್ಕೋಬೇಡಿ ಅಂತಲೂ ಅಂದರು.
ನನಗೇನು ಬೇಜಾರು. ಆರು ಮಕ್ಕಳಾದರೆ
ಪೊಲೀಸರ ಕಾಟ ಅಷ್ಟಕ್ಕಷ್ಟು ಕಮ್ಮಿ.
ಆದರೆ ಸೀಟಿನ ತುದಿಯಲ್ಲಿ ಒಂದು ಗೇಣು ಜಾಗ,
ಸರಿದು ಕೂರ್ರೋ ಅಂದರೂ ಯಾರೂ ಸರಿಯುವುದಿಲ್ಲ.

ಇವತ್ತು ಪುಣೆ ಕಡೆಯ ಕಾರೊಂದು ಮುಂದೆ ನಿಂತಿದೆ,
ಎಂ ಎಚ್ ಹನ್ನೆರಡು, ಆಮೇಲೆ ಝಡ್ ಎಚ್.
ಝೀಬ್ರಾ ಅಂದರು, ಎಚ್ ಇಲ್ಲ. ಝೂ ಅಂದರು, ಎಚ್ ಇಲ್ಲ.
ಮೂವತ್ತು ಸೆಕೆಂಡು. ಇಪ್ಪತ್ತು.
ಕನ್ನಡಿಯಲ್ಲಿ ಆರೂ ಹುಬ್ಬು ಗಂಟಿಕ್ಕಿವೆ.
ಎಳಿಲರಸಿ, ಅಂದುಬಿಟ್ಟೆ.
ಫೌಲು ಅಂಕಲ್, ಹೆಸರು ನಡೆಯಲ್ಲ.
ಆಗಲಿ, ಫೌಲು.
ಹಸಿರು ಬಿತ್ತು.